ಶೇಖಪ್ಪನಿಗೆ ಒಪ್ಪಿದ ಎಡಿಟರ್

ಹಳಿಯಾಳದ ಕಡೆ ಹೋದರೆ ಶೇಖಪ್ಪನನ್ನು ಮೋಸಗಾರ ಎನ್ನುವವರು ಈಗಲೂ ಸಿಗುತ್ತಾರೆ. ಕೇಳಿದಾಗಲೆಲ್ಲ ನನಗೆ ಮೈ ಉರಿದುಹೋಗುತ್ತದೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ನಮ್ಮ ಮನೆಯವರು ಹೇಳುತ್ತಾರೆ. ಇರಲಿ, ಇಂಥದ್ದಕ್ಕೂ ಸಿಟ್ಟು ಬಾರದಿದ್ದರೆ ಅದನ್ನಿಟ್ಟುಕೊಂಡು ಏನು ಉಪ್ಪಿನಕಾಯಿ ಹಾಕಬೇಕೇ? ಆಗ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ. ಈಗ ಹೇಳಿದರೆ ಯಾರ ಸಂಸಾರಕ್ಕೂ ಧಕ್ಕೆಯಿಲ್ಲ, ಅದಕ್ಕೇ ಹೇಳುತ್ತೇನೆ.

ಅದು ಎರಡು ಸಾವಿರದ ಮೂರನೇ ಇಸವಿ. ದಾಂಡೇಲಿಯ ಬಂಗೂರನಗರದಲ್ಲಿ ಒಂದು ಹೊಲಿಗೆ ಅಂಗಡಿಯ ಮೇಲಿನ ಕೋಣೆ ನಮ್ಮ ಆಫೀಸು. ಬೆಳಗಾವಿಯ ರೋಹಿತ ಅದರ ಮಾಲೀಕ. ಕೋಣೆಯ ಉಸ್ತುವಾರಿ ಮಧುಮತಿ ಎಂಬ ನನ್ನದು. ಹುಬ್ಬಳ್ಳಿಯ ಒಬ್ಬ ಔಷಧಿ ಸಗಟು ವ್ಯಾಪಾರಿಗೆ ಔಷಧಿಗಳ ಕ್ಯಾಟಲಾಗ್ ತಯಾರಿಸಿಕೊಡುವುದು ನಮ್ಮ ಕೆಲಸ. ಒಂದೊಂದು ಗುಳಿಗೆಗೂ ಈ ಗೋಡೆಯಿಂದ ಆ ಗೋಡೆಗೆ ಮುಟ್ಟುವಷ್ಟು ಉದ್ದದ ಒಂದೇ ಸಾಲು. ಹುಬ್ಬಳ್ಳಿಯವರ ಯಂತ್ರ ಯುನಿಕ್ಸಿನದು, ನಮ್ಮ ಮೇಜಿನ ಮೇಲಿದ್ದವು ವಿಂಡೋಸಿನವು, ಒಂದರ ಭಾಷೆ ಇನ್ನೊಂದಕ್ಕೆ ತಿಳಿಯದು. ಹಾಗಾಗಿ ರೋಹಿತ ನಮ್ಮ ಕಂಪ್ಯೂಟರುಗಳಲ್ಲಿ ಒಂದು ವ್ಯವಸ್ಥೆ ಹಾಕಿಸಿದ್ದ. ಪರದೆಯ ಮೇಲೆ ಕಪ್ಪು ಕಿಟಕಿಯೊಂದನ್ನು ತೆರೆದು ಅಪ್ಪಣೆಗಳನ್ನು ಟೈಪು ಮಾಡಿದರೆ, ವಿಂಡೋಸಿನ ಮನೆಯೊಳಗೇ ಯುನಿಕ್ಸಿನ ಸಂಸಾರ ನಡೆಯುತ್ತಿತ್ತು.

ಎಲ್ಲ ಸರಿಯಿತ್ತು, ಬರೆಯುವುದಕ್ಕೆ ಯಾವ ಎಡಿಟರ್, ಅಂದರೆ ಅಕ್ಷರ ಮೂಡಿಸುವ ತಂತ್ರಾಂಶ, ಬಳಸಬೇಕು ಎಂಬುದೊಂದು ಬಿಟ್ಟು. ನಮಗೆಲ್ಲ ರೂಢಿಯಿದ್ದದ್ದು ನೋಟ್‌ಪ್ಯಾಡ್. ಅದರಲ್ಲಿ ಬರೆದರೆ ಪ್ರತಿ ಸಾಲಿನ ತುದಿಗೂ ಕಣ್ಣಿಗೆ ಕಾಣದ ಒಂದು ಗುರುತು ಹೆಚ್ಚಿಗೆ ಅಂಟಿಕೊಳ್ಳುತ್ತದೆ. ಹುಬ್ಬಳ್ಳಿಯ ಯಂತ್ರಕ್ಕೆ ಅದು ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ. ಒಂದು ಸಲ ಇಡೀ ಕ್ಯಾಟಲಾಗೇ ಹಿಂದಕ್ಕೆ ಬಂತು. ರೋಹಿತ ಕೋಣೆಯ ನಡುವೆ ನಿಂತು, "ಇನ್ನ ನೋಟ್‌ಪ್ಯಾಡ್ ಮುಟ್ಟಿದವರ ಕೈ ಮುರೀತೇನಿ. ಹುಬ್ಬಳ್ಳಿಯವರು ವಿಐ ಅನ್ನೂ ಎಡಿಟರ್ ವಾಪರಸ್ತಾರ, ನೀವೂ ಅದನ್ನೇ ಕಲೀರಿ. ದಸರಾದೊಳಗ ಬರಲಿಲ್ಲಂದ್ರ ಅಂಥವರು ನನಗ ಬ್ಯಾಡ" ಎಂದು ಸಾರಿದ.

ಶೇಖಪ್ಪ ಅಲ್ಲಿ ನಮ್ಮೊಂದಿಗೆ ಇದ್ದವನು. ಹಳಿಯಾಳ ತಾಲೂಕಿನ ಒಂದು ಸಣ್ಣ ಹಳ್ಳಿಯ ಹೇಮಪ್ಪನ ಮಗ. ಮೀಸೆ ಮೂಡುವ ಮೊದಲೇ ಕಟ್ಟಿಗೆ ಕೊರೆಯುವ ಒಂದು ಸಾಮಿಲ್ಲಿಗೆ ಸೇರಿ, ಹಗಲೆಲ್ಲ ಗರಗಸದ ಪಟ್ಟಿಯ ಮಗ್ಗುಲಿಗೆ ನಿಂತು ಬೆಳೆದವನು. ಕಾಡಿನ ಕಟ್ಟಿಗೆ ಬರುವುದು ನಿಂತು ಮಿಲ್ಲು ಮುಚ್ಚಿದ ಮೇಲೆ ಸಂಜೆ ಕ್ಲಾಸಿಗೆ ಹೋಗಿ ಕಂಪ್ಯೂಟರ್ ಕಲಿತಿದ್ದ. ಕೆಲಸ ಅಚ್ಚುಕಟ್ಟು. ಆದರೆ ಮಹಾ ಗರ್ವಿಷ್ಠ ಎಂದು ನಮ್ಮೆಲ್ಲರ ಲೆಕ್ಕ. ಬೆನ್ನು ಗೋಡೆಗೆ ಹಚ್ಚಿ, ಬಾಗಿಲಿಗೆ ಮುಖ ಮಾಡಿ ದರ್ಬಾರಿಗೆ ಕೂತವನಂತೆ ಕೂರುತ್ತಿದ್ದ. ಬೇರೆ ಕಡೆ ಕುರ್ಚಿ ಹಾಕಿದರೆ ಒಪ್ಪುತ್ತಿರಲಿಲ್ಲ. ಕರೆದರೆ ಒಮ್ಮೆ ಓ ಎನ್ನುವನು, ಒಮ್ಮೆ ತಿರುಗಿಯೂ ನೋಡನು. ಮಾತಾಡಿಸಿದರೆ ಮುಖವನ್ನೇ ದಿಟ್ಟಿಸುವನು. ಹೆಂಗಸರನ್ನು ಹೀಗೆ ನೋಡುವುದೇ ಎಂದು ಮೊದಲ ವಾರ ನಾನು ಗದರಿಸಿಯೂ ಇದ್ದೆ. ಪಾಪ, ತಲೆ ತಗ್ಗಿಸಿದ್ದ.

ಪಕ್ಕದ ಕುರ್ಚಿಯ ಅನಿಲನಿಗೆ ಮಾತ್ರ ಶೇಖಪ್ಪ ಎಂದರೆ ಪ್ರಾಣ. ಅನಿಲ ಮುಂಡಗೋಡ ತಾಲೂಕಿನ ಸನವಳ್ಳಿಯವನು, ಮುಂಗೋಪಿ, ಆದರೆ ಮನಸ್ಸು ಸಣ್ಣದಲ್ಲ. ಕುಡಿಯುವುದಿಲ್ಲ, ಇಸ್ಪೀಟು ಆಡುವುದಿಲ್ಲ, ಹೆಚ್ಚು ಮಾತಿಲ್ಲ, ಇಂಥವನು ಎಲ್ಲಿ ಸಿಗಬೇಕು ಎಂದು ತನ್ನ ತಂಗಿ ತುಳಜಾಳನ್ನು ಶೇಖಪ್ಪನಿಗೆ ತೋರಿಸಿಯೇಬಿಟ್ಟ. ಎರಡೂ ಮನೆಯವರು ಒಪ್ಪಿದರು. ಸಕ್ಕರೆ ಹಂಚಿದ್ದಾಯಿತು, ದೀಪಾವಳಿ ಮುಗಿದ ಮೇಲೆ ಅಕ್ಷತೆ ಎಂದು ಮಾತಾಯಿತು. ಅಂದಿನಿಂದ ಅನಿಲ ಅವನನ್ನು ಮಾವ ಎಂದು ಕರೆಯತೊಡಗಿದ.

ಇಷ್ಟರಲ್ಲಿ ಬಂತು ನೋಡಿ ಈ ಹಾಳು ವಿಐ. ಅದಕ್ಕೆ ಎರಡು ಸ್ಥಿತಿ. ಒಂದರಲ್ಲಿ ಒತ್ತಿದ ಅಕ್ಷರ ಪರದೆಯ ಮೇಲೆ ಮೂಡುತ್ತದೆ. ಇನ್ನೊಂದರಲ್ಲಿ ಅದೇ ಅಕ್ಷರ ಅಪ್ಪಣೆಯಾಗಿ, ಸಾಲನ್ನೇ ಅಳಿಸಿಬಿಡುತ್ತದೆ, ಇಲ್ಲವೇ ಎಲ್ಲಿಗೋ ಜಿಗಿಯುತ್ತದೆ. ಈಗ ಯಾವ ಸ್ಥಿತಿಯಲ್ಲಿದ್ದೇವೆ ಎಂದು ನಮ್ಮಲ್ಲಿದ್ದ ವಿಐ ಎಲ್ಲಿಯೂ ಬರೆದು ತೋರಿಸುತ್ತಿರಲಿಲ್ಲ. ಸಲ್ಲದ ಕೀಲಿ ಒತ್ತಿದರೆ ಮೇಜಿನ ಕೆಳಗಿನ ಕಂಪ್ಯೂಟರ್ ಡಬ್ಬದಿಂದ 'ಕುಂಯ್' ಎಂದು ಸಣ್ಣದೊಂದು ಶಿಳ್ಳೆ. ಅಷ್ಟೇ ಅದರ ಎಚ್ಚರಿಕೆ. ಮೊದಲ ದಿನ ಕೋಣೆಯೆಲ್ಲ ಕುಂಯ್ ಕುಂಯ್. ಎರಡು ದಿನದಲ್ಲಿ ಆ ಸದ್ದಿಗೆ ಬೆಚ್ಚಿ ಕೈ ತೆಗೆಯುವುದನ್ನು ಎಲ್ಲರೂ ಕಲಿತೆವು.

ಶೇಖಪ್ಪ ಕಲಿಯಲಿಲ್ಲ. ಒಂದು ಮಧ್ಯಾಹ್ನ ಅವನ ಯಂತ್ರ ಒಂದೇ ಸಮನೆ ಅರಚತೊಡಗಿತು. ಅವನು ಮಾತ್ರ ತಲೆ ಬಗ್ಗಿಸಿ ಕುಟ್ಟುತ್ತಲೇ ಇದ್ದ. ಎಲ್ಲರೂ ನಗಲು ಶುರುಮಾಡಿದರು. ಅನಿಲ ಹೊಟ್ಟೆ ಹಿಡಿದುಕೊಂಡು, "ಮಾವಾ, ಸಾಕ್ ಬಿಡೋ ಮಾರಾಯಾ, ಸತ್ತುಹೋದೀತು ಅದು!" ಎಂದ. ಶೇಖಪ್ಪ ತಲೆಯೆತ್ತಿದ. ನಗುವ ಮುಖಗಳನ್ನು ಕಂಡು ತಾನೂ ನಕ್ಕ. ನಗುತ್ತಲೇ ಬಾಗಿಲು ನೋಡಿದ, ಫ್ಯಾನು ನೋಡಿದ, ತನ್ನ ಅಂಗಿಯ ಗುಂಡಿ ನೋಡಿಕೊಂಡ. ಅರಚುತ್ತಿದ್ದ ಡಬ್ಬದ ಕಡೆ ಮಾತ್ರ ನೋಡಲಿಲ್ಲ. ನಾನು ನಗುವುದನ್ನು ನಿಲ್ಲಿಸಿದೆ.

ಮರುದಿನ ಉಳಿದವರು ಚಹಾಕ್ಕೆ ಇಳಿದುಹೋದಾಗ ಅವನು ಕಿಟಕಿಯ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿದ್ದ. ನಾನು ಅವನ ಬೆನ್ನ ಹಿಂದೆ ನಿಂತು, "ಶೇಖಪ್ಪ, ನಿಮ್ಮ ಮನಿಗೆ ಬೆಂಕಿ ಬಿದ್ದೈತಿ" ಎಂದೆ. ರೊಟ್ಟಿ ಮುರಿದು ಪಲ್ಯಕ್ಕೆ ಅದ್ದಿದ. ಇನ್ನೂ ಗಟ್ಟಿಯಾಗಿ ಹೇಳಿದೆ. ಬಾಯಿಗಿಟ್ಟುಕೊಂಡು ಅಗಿಯತೊಡಗಿದ. ನಾನು ಎದುರಿಗೆ ಬಂದು ನಿಂತೆ. ನನ್ನ ಮುಖ ನೋಡಿದ್ದೇ ಅವನಿಗೆ ಎಲ್ಲ ತಿಳಿಯಿತು. ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟ.

"ಯಾರಿಗೂ ಹೇಳಬ್ಯಾಡ್ರಿ ಅಕ್ಕಾರ, ನಿಮ್ಮ ಕಾಲಿಗೆ ಬೀಳ್ತೇನಿ."

"ಕಾಲಿಗೀಲಿಗೆ ಬಿದ್ದರ ಒದೀತೇನಿ. ಎಷ್ಟು ಕೇಳಸೂದಿಲ್ಲ, ಮದಲ ಅದನ್ನ ಹೇಳು."

"ದಪ್ಪ ಸಪ್ಪಳ ಕೇಳಸ್ತಾವ್ರಿ. ಲಾರಿ, ಗುಡುಗು. ಗಂಡಸರ ದನಿ ಅಷ್ಟಿಷ್ಟು. ಸಣ್ಣ ಸಪ್ಪಳ ಯಾವೂ ಇಲ್ರಿ. ಹಕ್ಕಿ ಇಲ್ಲ, ಸೈಕಲ್ ಗಂಟಿ ಇಲ್ಲ. ಹೆಂಗಸರ ಮಾತು ಬಾಯಿ ನೋಡೇ ತಿಳಕೋತೇನಿ. ಮಿಲ್ಲಿನ್ಯಾಗ ನಾವೆಲ್ಲಾ ಹಂಗ ಮಾತಾಡೂದ್ರಿ, ಅಲ್ಲಿ ಯಾರಿಗೂ ಯಾರ ದನೀನೂ ಕೇಳತಿದ್ದಿಲ್ಲ."

"ಹೆಣ್ಣಿನವರಿಗೆ ಹೇಳೀಯಿಲ್ಲ?"

"ಹೇಳಿದ್ರ ಯಾರು ಕೊಡ್ತಾರ್ರಿ?"

ನನ್ನ ನಾಲಿಗೆ ಸುಮ್ಮನಿರುವ ಜಾತಿಯದಲ್ಲ. ಮದುವೆಯಾದ ಮೇಲೆ ಆ ಹುಡುಗಿ ಒಳಗಿನಿಂದ ಕೂಗಿದರೆ ಏನು ಮಾಡುತ್ತೀ, ತೊಟ್ಟಿಲಲ್ಲಿ ಕೂಸು ಅತ್ತರೆ ಏನು ಮಾಡುತ್ತೀ ಎಂದು ಝಾಡಿಸಿದೆ. ಅವನು ನನ್ನ ಬಾಯನ್ನೇ ನೋಡುತ್ತ ಎಲ್ಲ ಬೈಗುಳವನ್ನೂ ತೆಗೆದುಕೊಂಡ. ಆಮೇಲೆ, ಹೇಳುತ್ತೇನೆ, ನಾನೇ ಹೇಳುತ್ತೇನೆ, ಇನ್ನೊಂದು ಸ್ವಲ್ಪ ಧೈರ್ಯ ಬರಲಿ ಎಂದ. ಹೇಳುತ್ತ ಅವನ ಮುಖ ಅರಳಿತು.

"ಆಕಿ ಭಾಳ ಚಲೋ ಅದಾಳ್ರಿ. ನೋಡಾಕ ಹೋದಾಗ ಹಿರೇರು ನಮ್ಮಿಬ್ಬರನ್ನ ಹಿತ್ತಲಕ ಕಳಿಸಿದ್ರು, ಒಂದೆರಡು ಮಾತಾಡ್ರಿ ಅಂತ. ಗೋವಿನಜೋಳದ ರಾಶಿ ಮುಂದ ನಿಂತಿದ್ವಿ. ಆಕಿ ತಲಿ ತಗ್ಗಿಸಿ ಏನೋ ಅಂದ್ಲು. ಸೆರಗು ಬ್ಯಾರೆ ಮುಂದ ಬಂದಿತ್ತು, ಬಾಯಿ ಕಾಣವಲ್ದು. ಇನ್ನೊಮ್ಮೆ ಹೇಳು ಅಂದ್ರ ಗೊತ್ತಾಗಿಬಿಡತೈತೆಲ್ಲ? ಹೂಂ ಅಂದೆ. ಆಕಿ ಮುಖ ಎತ್ತಿದ್ಲು ನೋಡ್ರಿ, ಕಣ್ಣಾಗ ನೀರು. ಎರಡೂ ಕೈ ಮುಗದ್ಲು ನನಗ. ಅಂಥಾ ಹುಡುಗೀನ ಹೆಂಗ ಬಿಡ್ಲಿ?"

ಹೂಂ ಅಂದೆಯಾ, ಏನು ಕೇಳಿದಳೆಂದು ಗೊತ್ತಿಲ್ಲದೆ? ಎಂದು ಕೇಳಿದೆ. ಇನ್ನೇನು ಕೇಳಿಯಾಳು, ಚೆನ್ನಾಗಿ ನೋಡಿಕೊಳ್ಳುತ್ತೀರಾ ಎಂದಿರಬೇಕು ಎಂದ. ನನಗೂ ಹಾಗೇ ಅನ್ನಿಸಿತು. ಕನ್ಯೆಯರು ಇನ್ನೇನು ಕೇಳುತ್ತಾರೆ?

ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟೆ. ಆದರೆ ದಸರಾ ಹತ್ತಿರ ಬರುತ್ತಿತ್ತು. ಕೆಲಸ ಹೋದರೆ ಮದುವೆಯೂ ಹೋದ ಹಾಗೇ. ಡಬ್ಬ ಹಾಗೇ ಅರಚುತ್ತಿದ್ದರೆ ಪಕ್ಕದಲ್ಲಿ ಕೂತ ಅನಿಲನಿಗೆ ಇಂದಲ್ಲ ನಾಳೆ ಹೊಳೆಯದೇ ಇರುತ್ತದೆಯೇ? ಸರಿ, ಇವನಿಗೆ ಹೊಂದುವ ಎಡಿಟರ್ ಹುಡುಕುವ ಉಸಾಬರಿ ನನ್ನ ತಲೆಗೆ ಬಂತು.

ಮೊದಲು ನ್ಯಾನೊ ಎಂಬುದನ್ನು ಹಚ್ಚಿ ನೋಡಿದೆ. ಸಾಧು ಸ್ವಭಾವದ್ದು. ಎರಡು ಸ್ಥಿತಿಯ ಕಾಟವಿಲ್ಲ, ಏನು ಒತ್ತಿದರೆ ಏನಾಗುತ್ತದೆಂದು ಪರದೆಯ ಬುಡದಲ್ಲೇ ಬರೆದಿರುತ್ತದೆ. ಕುಣಿದಾಡುವಷ್ಟು ಖುಷಿಯಾಯಿತು. ಆದರೆ ಸಾಲು ಉದ್ದವಾದರೆ ಸಾಕು, ಅದು ಕೇಳದೆಯೇ ನಡುವೆ ಮುರಿದು ಕೆಳಗಿಳಿಸುತ್ತಿತ್ತು. ನಮ್ಮ ಗುಳಿಗೆಗಳ ಸಾಲೆಲ್ಲ ತುಂಡು ತುಂಡು. ಅದನ್ನು ನಿಲ್ಲಿಸುವ ಉಪಾಯ ಇತ್ತೆಂದು ಆಮೇಲೆ ತಿಳಿಯಿತು, ಆಗ ಗೊತ್ತಿರಲಿಲ್ಲ. ಆಮೇಲೆ ವಿಂಡೋಸಿನದೇ ಇನ್ನೊಂದು ಎಡಿಟರ್ ತಂದೆ. ಸಾಲಿನ ತುದಿಯ ಗುರುತನ್ನು ಯುನಿಕ್ಸಿಗೆ ಒಪ್ಪುವಂತೆ ಬರೆಯುತ್ತಿತ್ತು, ನೋಡಲಿಕ್ಕೂ ಚೆಂದ. ಆದರೆ ಕಪ್ಪು ಕಿಟಕಿಯಿಂದ ಫೈಲಿನ ವಿಳಾಸ ಕೊಟ್ಟರೆ ಅದಕ್ಕೆ ತಿಳಿಯದು. ಒಂದೇ ಫೈಲಿಗೆ ಕಪ್ಪು ಕಿಟಕಿ ಹೇಳುವ ಹಾದಿ ಒಂದು, ವಿಂಡೋಸಿನದು ಬೇರೆಯೇ. ಅದು ಫೈಲು ಇಲ್ಲವೆಂದು ಹೊಸದೊಂದು ಖಾಲಿ ಹಾಳೆ ತೆರೆದು ಕೂರುತ್ತಿತ್ತು. ಕಡೆಗೆ ರೋಹಿತನೇ ಬಂದು, "ಯಾಕ್ರಿ ಮಧುಮತಿ, ಎಡಿಟರ್ ನೋಡಾಕ ಹೊಂಟೀರೋ ಅಳಿಯನ್ನ ನೋಡಾಕ ಹೊಂಟೀರೋ? ವಿಐ ಅಂದ ಮ್ಯಾಲ ವಿಐ" ಎಂದ. ಅಳಿಯನ ಸಲುವಾಗಿಯೇ ಎಂದು ಬಾಯಿತುದಿಗೆ ಬಂದಿತ್ತು, ನುಂಗಿಕೊಂಡೆ.

ವಿಐ ಬಿಡುವಂತಿಲ್ಲ ಎಂದ ಮೇಲೆ ಅದನ್ನೇ ಬಗ್ಗಿಸಬೇಕಷ್ಟೆ. ಅದರ ಸಹಾಯದ ಪುಟಗಳನ್ನು ಬಿಡುವಿದ್ದಾಗಲೆಲ್ಲ ಕೆದಕಿದೆ. ಒಂದು ಕಡೆ ಸಿಕ್ಕಿತು. ಶಿಳ್ಳೆಯ ಬದಲು ಪರದೆಯೇ ಒಮ್ಮೆ ಬೆಳ್ಳಗೆ ಮಿಂಚುವಂತೆ ಮಾಡಬಹುದು. ಯಾವ ಸ್ಥಿತಿಯಲ್ಲಿದ್ದೇವೆಂದು ಕೆಳಗಿನ ಸಾಲಿನಲ್ಲಿ ಬರೆದು ತೋರಿಸುವಂತೆಯೂ ಮಾಡಬಹುದು. ಎರಡು ಪುಟ್ಟ ಅಪ್ಪಣೆಗಳು, ಅಷ್ಟೇ. ಇವನೊಬ್ಬನಿಗೇ ಮಾಡಿದರೆ ಅನುಮಾನ ಬರುತ್ತದೆಂದು ಕೋಣೆಯ ಎಲ್ಲ ಯಂತ್ರಗಳಿಗೂ ಹಚ್ಚಿದೆ. "ಕಣ್ಣಿಗೆ ಹೊಡದಂಗ ಆಗತೈತ್ರಿ" ಎಂದು ಅನಿಲ ಗೊಣಗಿದ. "ನನಗ ಆ ಕುಂಯ್ ಕುಂಯ್ ಕೇಳಿ ತಲಿಶೂಲಿ ಬಂದೈತಿ, ಸುಮ್ಮನ ಕೆಲಸ ಮಾಡು" ಎಂದು ಬಾಯಿ ಮುಚ್ಚಿಸಿದೆ.

ವಾರದೊಳಗೆ ಶೇಖಪ್ಪನ ಬೆರಳು ಹರಿಯತೊಡಗಿತು. ಪರದೆ ಮಿಂಚಿದ ಕೂಡಲೇ ಕೈ ಎತ್ತುವನು, ಕೆಳಗಿನ ಸಾಲು ನೋಡುವನು, ಮುಂದುವರಿಯುವನು. ರೋಹಿತನೂ ಭುಜ ತಟ್ಟಿದ. ದಸರಾ ಸುಖವಾಗಿ ಕಳೆಯಿತು. ಆದರೆ ಅನಿಲನ ಮುಂದೆ ಬಾಯಿಬಿಡುವ ಧೈರ್ಯ ಮಾತ್ರ ಬರಲಿಲ್ಲ. ನಾಳೆ, ನಾಳೆ ಎನ್ನುತ್ತಿದ್ದ. ನನಗೆ ಸಂಕಟವೋ ಸಂಕಟ. ಅತ್ತ ಕೊಟ್ಟ ಮಾತು, ಇತ್ತ ಏನೂ ಅರಿಯದ ಒಂದು ಹುಡುಗಿ.

ದೀಪಾವಳಿಗೆ ಇನ್ನೂ ಸ್ವಲ್ಪ ದಿನ ಇರುವಾಗ ತುಳಜಾ ಆಫೀಸಿಗೆ ಬಂದಳು. ತಾಯಿ ನಾನಿಬಾಯಿಯ ಜೊತೆ ದಾಂಡೇಲಿಗೆ ಸೀರೆ ಜವಳಿಗೆಂದು ಬಂದಿದ್ದಳಂತೆ. ತಾಯಿಯನ್ನು ಕೆಳಗೆ ಹೊಲಿಗೆ ಅಂಗಡಿಯಲ್ಲಿ ಕೂರಿಸಿ, ಅನಿಲ ಬ್ಯಾಂಕಿಗೆ ಹೋದ ಹೊತ್ತು ನೋಡಿ ಒಬ್ಬಳೇ ಮೆಟ್ಟಿಲು ಹತ್ತಿದ್ದಳು. ಶೇಖಪ್ಪ ಮೂಲೆಯ ಪ್ರಿಂಟರಿಗೆ ಕಾಗದ ತುಂಬುತ್ತಿದ್ದ, ಬೆನ್ನು ಬಾಗಿಲಿನ ಕಡೆ. ಅವಳು ಸೀದಾ ಹೋಗಿ ಅವನ ಹಿಂದೆ ನಿಂತು ಏನೋ ಅಂದಳು. ಅವನು ಕಾಗದ ಸರಿಪಡಿಸುತ್ತಿದ್ದ. ಮತ್ತೆ ಅಂದಳು. ಅವನು ಪ್ರಿಂಟರಿನ ಮುಚ್ಚಳ ಹಾಕಿ ಕಟ್ಟನ್ನು ಎತ್ತಿಕೊಂಡ. ಹುಡುಗಿಯ ಮುಖ ಕೆಂಪೇರಿತು. ತಿರುಗಿ ದಡದಡ ಇಳಿದಳು. ನಾನು ಬಿದ್ದೆನೋ ಎದ್ದೆನೋ ಎಂದು ಹಿಂದೆ ಓಡಿ ಮೆಟ್ಟಿಲ ನಡುವೆ ಅವಳ ಕೈ ಹಿಡಿದೆ.

"ಬಿಡ್ರಿ ಅಕ್ಕಾರ. ಎಂಥಾ ಮನಶಾರ್ರಿ ಅವರು? ತಿರುಗೂ ನೋಡವಲ್ರು."

"ಏನವ್ವಾ, ಏನಾತು?"

ಅವಳು ಗೋಡೆಗೆ ಒರಗಿ ನಿಂತಳು. "ನೋಡಾಕ ಬಂದಾಗ ಹಿತ್ತಲದಾಗ ಹೇಳಿದ್ದೆ ಅವರಿಗೆ. ನನ್ನ ಮನಸ್ಸು ಬ್ಯಾರೆ ಕಡೆ ಐತಿ, ಮನ್ಯಾಗ ನನ್ನ ಮಾತು ನಡಿಯೂದಿಲ್ಲ, ನೀವ ಹುಡುಗಿ ಮನಸ್ಸಿಗೆ ಬರಲಿಲ್ಲ ಅಂದುಬಿಡ್ರಿ, ನಿಮ್ಮ ಉಪಕಾರ ಮರೆಯೂದಿಲ್ಲ ಅಂದೆ. ಹೂಂ ಅಂದ್ರು, ನಕ್ಕೋತ. ದೇವರು ಕಂಡಂಗ ಆತ್ರಿ ನನಗ, ಕೈ ಮುಗದೆ. ಮರುದಿನ ಹುಡುಗಿ ಪಸಂದ್ ಅದಾಳಂತ ನಿರೋಪ ಕಳಿಸಿದ್ರು! ಇವತ್ತ ಕೇಳಾಕ ಬಂದೆ, ಮಾತು ಯಾಕ ಕೊಟ್ರಿ ಅಂತ. ಬೆನ್ನು ತೋರಿಸ್ಕೋತ ನಿಂತ್ರು."

ಅವನಿಗೆ ಕೇಳಿಸಲಿಲ್ಲವೇ ತಾಯೀ ಎಂದು ಕೂಗಬೇಕೆನ್ನಿಸಿತು. ಕೊಟ್ಟ ಮಾತು ಅಡ್ಡ ಬಂತು. "ನೀ ಹೋಗವ್ವಾ, ನಾ ಅವನ ಕೂಡ ಮಾತಾಡ್ತೇನಿ" ಎಂದಷ್ಟೇ ಹೇಳಿ ಕಳಿಸಿದೆ.

ಮೇಲೆ ಬಂದು ಅವನನ್ನು ಕಿಟಕಿಯ ಬಳಿಗೆ ಕರೆದು, ಎದುರಿಗೆ ನಿಂತು, ತುಳಜಾ ಬಂದಿದ್ದಳೆಂದೆ. ಹಿತ್ತಲಲ್ಲಿ ಅವಳು ಕೇಳಿದ್ದೇನೆಂದು ಹೇಳಿದೆ. ನನ್ನ ತುಟಿ ನಡುಗುತ್ತಿತ್ತೋ ಏನೋ, ಅವನು ಹುಬ್ಬು ಗಂಟಿಕ್ಕಿದ.

"ತಿಳೀಲಿಲ್ರಿ. ಇನ್ನೊಮ್ಮೆ ಹೇಳ್ರಿ."

ಇಂಥ ಮಾತನ್ನು ಒಮ್ಮೆ ಹೇಳುವುದೇ ಕಷ್ಟ. ಬಿಡಿಸಿ ಬಿಡಿಸಿ ಇನ್ನೊಮ್ಮೆ ಹೇಳಿದೆ. "ಆಕಿಗೆ ನೀ ಬ್ಯಾಡಪ್ಪಾ. ನೀವ ಹುಡುಗಿ ಬ್ಯಾಡ ಅಂತ ಹೇಳ್ರಿ ಅಂತ ನಿನಗ ಕೇಳಿದ್ಲು. ಅದಕ್ಕ ನೀ ಹೂಂ ಅಂದಿ. ಅದಕ್ಕ ಆಕಿ ಕೈ ಮುಗದ್ಲು." ಅವನು ಕಿಟಕಿಯ ಸರಳು ಹಿಡಿದುಕೊಂಡ. ಆಮೇಲೆ, "ಹೂಂ ಅಂದೇನೆಲ್ರೀ ಮತ್ತ" ಎಂದ.

ಮರುದಿನ ಬೆಳಿಗ್ಗೆ ಎಲ್ಲರೂ ಇದ್ದಾಗ ಅನಿಲನ ಮುಂದೆ ನಿಂತು ಹೇಳಿಬಿಟ್ಟ. "ಅನಿಲಾ, ನಾ ಕಿವುಡ ಅದೇನಿ. ಮುಚ್ಚಿಟ್ಟಿದ್ದೆ. ನಿನ್ನ ತಂಗೀನ ನನಗ ಕೊಡಬ್ಯಾಡ." ಅನಿಲ ಮೊದಲು ಚೇಷ್ಟೆ ಎಂದುಕೊಂಡು ನಕ್ಕ. ಆಮೇಲೆ ಎದ್ದು ನಿಂತು ಅವನಿಗೆ ಬೆನ್ನು ಮಾಡಿ, ಏನೋ ಹೊಲಸು ಬೈಗುಳ ಬೈದು, ತಿರುಗಿ, "ನಾ ಏನಂದೆ, ಹೇಳು" ಎಂದ. ಶೇಖಪ್ಪ ಸುಮ್ಮನೆ ನಿಂತಿದ್ದ.

"ಥೂ ನಿನ್ನ! ಅಣ್ಣ ತಮ್ಮನಂಗ ನಂಬಿದ್ನೆಲ್ಲೋ! ನನ್ನ ತಂಗಿ ಬಾಳು ಮಣ್ಣಪಾಲು ಮಾಡಾಕ ಹೊಂಟಿದ್ದಿ!" ಎಂದು ಅನಿಲ ಅವನ ಅಂಗಿಯ ಕೊರಳಪಟ್ಟಿ ಹಿಡಿದು ಕೆನ್ನೆಗೆ ಹೊಡೆದ. ನಾನು ಬಾಯಿ ತೆರೆದೇಬಿಟ್ಟಿದ್ದೆ. ನಿನ್ನ ತಂಗಿಯೇ ಬೇಡವೆಂದಿದ್ದಾಳೆ, ಅವಳ ಮಾನ ಕಾಯಲೆಂದು ಇವನು ತನ್ನ ಮರ್ಯಾದೆ ಕಳೆದುಕೊಳ್ಳುತ್ತಿದ್ದಾನೆ, ಮೂರ್ಖ ಎಂದು ಕೂಗುವವಳಿದ್ದೆ. ಶೇಖಪ್ಪ ನನ್ನ ಕಡೆ ನೋಡಿದ. ಬೇಡ ಎಂದು ತಲೆಯಾಡಿಸಿದ. ಹಲ್ಲು ಕಚ್ಚಿಕೊಂಡು ಕೂತೆ.

ಅನಿಲ ಅಂದೇ ಕೆಲಸ ಬಿಟ್ಟ. ಸುದ್ದಿ ಸನವಳ್ಳಿಗೂ ಹಳಿಯಾಳಕ್ಕೂ ಹಬ್ಬಿತು. ಹೇಮಪ್ಪನನ್ನು ಸಂತೆಯಲ್ಲಿ ನಿಲ್ಲಿಸಿ ಬೈದರು. ಮುಂದೆ ಅನಿಲನ ಸಿಟ್ಟು ಇಳಿದ ಮೇಲೆ ತುಳಜಾಳ ಮದುವೆ ಜೋಯಿಡಾದ ಕಡೆ, ಅವಳು ಮೆಚ್ಚಿದವನ ಜೊತೆಯೇ ಆಯಿತು. ಕಿವುಡನಿಂದ ಉಳಿದಳಲ್ಲ ಎಂಬ ಸಮಾಧಾನದಲ್ಲಿ ಮನೆಯವರು ಹೆಚ್ಚು ತಕರಾರು ಮಾಡಲಿಲ್ಲವಂತೆ. ರೋಹಿತ, ಪುಣ್ಯಾತ್ಮ, ಶೇಖಪ್ಪನನ್ನು ಕೆಲಸದಿಂದ ತೆಗೆಯಲಿಲ್ಲ. ಶೇಖಪ್ಪ ಮತ್ತೆ ಕನ್ಯೆ ನೋಡಲು ಹೋಗಲಿಲ್ಲ.

ಪೆಟ್ಟು ತಿಂದ ಆ ದಿನ ಮಧ್ಯಾಹ್ನ ಅವನು ಬುತ್ತಿ ಬಿಚ್ಚಲಿಲ್ಲ. ನನ್ನ ಮೇಜಿನ ಎದುರಿಗೆ ಬಂದು ನಿಂತ. ಕೆನ್ನೆ ಇನ್ನೂ ಕೆಂಪಗಿತ್ತು. ಇವನೀಗ ಅಳುತ್ತಾನೆ, ಇಲ್ಲವೇ ನನ್ನನ್ನು ಬೈಯುತ್ತಾನೆ ಅಂದುಕೊಂಡೆ.

"ಅಕ್ಕಾರ, ಒಂದು ಕೇಳ್ಲೇನ್ರಿ? ನಿಮಗಾದ್ರ ಗೊತ್ತಿರತೈತಿ." ಸ್ವಲ್ಪ ತಡೆದ. "ಆಕಿ ದನಿ ಹೆಂಗೈತ್ರಿ?"

ಮೆಟ್ಟಿಲ ನಡುವೆ ನಿಂತು ಅವಳು ಆಡಿದ ಮಾತನ್ನು ನೆನಪಿಸಿಕೊಂಡೆ.

"ಸಣ್ಣ ದನಿ, ಶೇಖಪ್ಪ" ಎಂದೆ ಕೊನೆಗೆ. "ಮೆತ್ತಗೈತಿ. ಸಿಟ್ಟಿಲೆ ಮಾತಾಡಿದ್ರೂ ಮೆತ್ತಗೇ ಕೇಳಸತೈತಿ." ಅವನಿಗೆ ತಿಳಿಯಿತೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಹೋದೆ.

"ತಿಳೀತ್ರಿ" ಎಂದು ಹೇಳಿ ಅವನು ತನ್ನ ಕುರ್ಚಿಗೆ ಹೋದ.